ಮುಷ್ಟಿಯ ಗಡಿಗೆ

ಪುಣೆಯ ಶನಿವಾರ ಪೇಟೆಯಲ್ಲಿ ಹತ್ತಾರು ಸಂಸಾರಗಳಿರುವ ನಮ್ಮ ವಾಡೆಯಲ್ಲಿ ಯಾರನ್ನಾದರೂ ಕೇಳಿ, ಈ ಕೃಷ್ಣಾಬಾಯಿಯ ಬಾಯಿ ಜೋರು ಎಂದೇ ಹೇಳುತ್ತಾರೆ. ಗಂಡ ಸತ್ತವಳು ಮೂಲೆ ಹಿಡಿದು ರಾಮ ರಾಮ ಎನ್ನುತ್ತ ಕೂತಿರಬೇಕಂತೆ. ರಾಮನಿಗೇನು, ಅಕ್ಕಿ ಆರಿಸುತ್ತ ಕರೆದರೂ ಕೇಳಿಸಿಕೊಳ್ಳುತ್ತಾನೆ. ನನಗೆ ಸಿಟ್ಟು ಬೇಗ ಬರುತ್ತದೆ, ಬೇಗ ಇಳಿಯುತ್ತದೆ. ಉಮಾವತಿಯ ವಿಷಯದಲ್ಲಿ ಬಂದ ಸಿಟ್ಟು ಮಾತ್ರ ಇವತ್ತಿಗೂ ಇಳಿದಿಲ್ಲ. ಯಾರ ಮೇಲೆ ಇಳಿಸಬೇಕೆಂಬುದೇ ತಿಳಿದಿಲ್ಲ.

ಮೊದಲು ಮುಷ್ಟಿಯ ಕತೆ ಹೇಳಬೇಕು. ಧಾರವಾಡ, ಬೆಳಗಾವಿ ಕಡೆಯಿಂದ ಬಂದು ಪುಣೆಯಲ್ಲಿ ನಿಂತ ನಮ್ಮವರ ಪ್ರತಿಯೊಂದು ಮನೆಯಲ್ಲೂ ಬಾಗಿಲ ಪಕ್ಕದ ಗೂಡಿನಲ್ಲಿ ಒಂದು ಪುಟ್ಟ ಮಣ್ಣಿನ ಗಡಿಗೆ ಇರುತ್ತಿತ್ತು. ದಿನಾ ಅಡುಗೆಗೆ ಅಕ್ಕಿ ತೆಗೆಯುವಾಗ ಮನೆಯ ಮುತ್ತೈದೆ ಒಂದು ಮುಷ್ಟಿಯನ್ನು ಬೇರೆ ತೆಗೆದು ಅದರಲ್ಲಿ ಹಾಕುವಳು. ಭಾನುವಾರ ಬೆಳಿಗ್ಗೆ ಪಂಢರಿನಾಥ ಮಾಸ್ತರು ಹೆಗಲಿಗೆ ದೊಡ್ಡ ಚೀಲ ಹಾಕಿಕೊಂಡು ಮನೆಮನೆಗೆ ಬರುವರು. ಶಾಲೆಯ ಕೆಲಸ ಮುಗಿಸಿ ಕೂತಿದ್ದ ಮನುಷ್ಯ, ಮಾತು ಕಡಿಮೆ. ಗಡಿಗೆ ತುಂಬಿದ್ದರೆ ಚೀಲಕ್ಕೆ ಸುರಿದುಕೊಳ್ಳುವರು. ಖಾಲಿ ಇದ್ದರೆ ಏನೂ ಕೇಳದೆ ಚೀಲದಿಂದಲೇ ಅಕ್ಕಿ ತೆಗೆದು ಆ ಗಡಿಗೆ ತುಂಬಿ ಮುಂದಿನ ಮನೆಗೆ ನಡೆಯುವರು. ಯಾಕೆ, ಏನು ಎಂಬ ಮಾತೇ ಇಲ್ಲ. ಈ ವಾರ ಕೊಟ್ಟವರು ಮುಂದಿನ ವಾರ ಪಡೆದವರಾಗುತ್ತಿದ್ದರು, ಯಾರ ತಲೆಯೂ ತಗ್ಗುತ್ತಿರಲಿಲ್ಲ. ಆ ಏರ್ಪಾಡು ಮಾಡಿದವರು ಯಾರೋ ಪುಣ್ಯಾತ್ಮರು ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಅದೇ ಪುಣ್ಯಾತ್ಮರು ಇನ್ನೊಂದು ಕಟ್ಟಳೆಯನ್ನೂ ಮಾಡಿಟ್ಟಿದ್ದರು. ಮುಷ್ಟಿ ಹಾಕುವ ಕೈ ಮುತ್ತೈದೆಯದೇ ಆಗಬೇಕು. ನನ್ನ ಗಂಡ ಹೋದ ದಿನ, ಬಳೆ ಒಡೆಯುವುದಕ್ಕೂ ಮೊದಲೇ ನಮ್ಮ ಗೂಡಿನ ಗಡಿಗೆ ಇಳಿಸಿ ಒಯ್ದರು. ಮಾಸ್ತರು ತಂದ ಅಕ್ಕಿಯನ್ನು ಕೇರಲು, ಕಲ್ಲು ಆರಿಸಲು, ಜಡ್ಡಾದವರಿಗೆ ಗಂಜಿ ಕಾಯಿಸಲು ನನ್ನ ಕೈ ನಡೆಯುತ್ತದೆ. ಹಾಕಲು ಮಾತ್ರ ನಡೆಯುವುದಿಲ್ಲ. ಮೈದುನ ಧಾರವಾಡದಿಂದ ಕಳಿಸುವ ಜೋಳದ ಮೇಲೆ ನನ್ನ ಒಂದು ಹೊತ್ತಿನ ಊಟ ನಡೆಯುತ್ತಿತ್ತು, ಯಾರ ಹಂಗೂ ಇರಲಿಲ್ಲ.

ಉಮಾವತಿಯ ಖೋಲಿ ನಮ್ಮ ಅಂಗಳದ ಆಚೆ ಬದಿಗೆ. ನನ್ನ ಬಾಗಿಲಲ್ಲಿ ಕೂತರೆ ಅವಳ ಬಾಗಿಲು, ಗೂಡು, ಗಡಿಗೆ ಎಲ್ಲ ನೇರ ಕಾಣುತ್ತಿತ್ತು. ಗಂಡ ಮಾರ್ತಾಂಡರಾಯರು ಕ್ಯಾಂಪಿನ ಲಷ್ಕರದ ಸಪ್ಲಾಯ್ ಆಫೀಸಿನಲ್ಲಿ ಕಾರಕೂನರು. ಯುದ್ಧ ಜೋರಾದಾಗ ಅವರನ್ನು ಸಮುದ್ರದಾಚೆಯ ಬಸರಾಕ್ಕೆ ಹಾಕಿದರು. ಬಂದೂಕು ಹಿಡಿಯುವ ಕೆಲಸವಲ್ಲ, ಗೋಣಿಚೀಲದ ಲೆಕ್ಕ ಬರೆಯುವುದು, ಯುಗಾದಿಗೆ ಬಂದುಬಿಡುತ್ತೇನೆ ಎಂದು ನಗುತ್ತ ಹೋದರು. ಯುಗಾದಿ ಹೋಯಿತು. ಮಳೆಗಾಲ ಹಿಡಿದ ಮೇಲೆ ಕಾಗದವೂ ನಿಂತಿತು, ಆಫೀಸಿನಿಂದ ಮನೆಗೆ ಬರುತ್ತಿದ್ದ ಪಗಾರವೂ ನಿಂತಿತು. ಮಾಸ್ತರು ಅವಳನ್ನು ಕರೆದುಕೊಂಡು ಹೋಗಿ ಕೇಳಿದರೆ ಎಲ್ಲಿದ್ದಾರೆಂದು ಚೌಕಶಿ ನಡೆದಿದೆ ಎಂದರಂತೆ. ಮತ್ತೆ ಹೋದರೂ ಅದೇ ಮಾತು. ಸಾಹೇಬರ ಚೌಕಶಿ ಮುಗಿಯುವವರೆಗೆ ಹೊಟ್ಟೆ ತಡೆದುಕೊಳ್ಳುತ್ತದೆಯೇ? ಮನೆಯಲ್ಲಿ ಅವಳು ಮತ್ತು ಸುಲಭಾ ಎಂಬ ನಾಲ್ಕು ವರ್ಷದ ಮಗಳು, ಇಬ್ಬರೇ. ತವರು ಎಂದು ಹೇಳಿಕೊಳ್ಳಲು ಯಾರೂ ಉಳಿದಿರಲಿಲ್ಲ.

ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಅಕ್ಕಿ, ಜೋಳ ಎರಡೂ ಮುಟ್ಟಿದರೆ ಸುಡುವ ಬೆಲೆ. ನಮ್ಮವರ ಎಷ್ಟೋ ಮನೆಯ ಗಡಿಗೆಗಳು ಖಾಲಿಯಾದವು, ಮಾಸ್ತರು ತುಂಬುತ್ತ ಹೋದರು. ಆದರೆ ಉಮಾವತಿಯ ಗಡಿಗೆ ಒಂದು ವಾರವೂ ಖಾಲಿ ಇರಲಿಲ್ಲ. ಅವಳ ಮನೆಯ ಹಿತ್ತಾಳೆ ಹಂಡೆ ಹೋಯಿತು, ತಾಮ್ರದ ಕೊಡ ಹೋಯಿತು, ಒಲೆಯ ಹೊಗೆ ಒಂದೇ ಹೊತ್ತಿಗೆ ಬಂತು. ಗಡಿಗೆಗೆ ಮುಷ್ಟಿ ಬೀಳುವುದು ಮಾತ್ರ ನಿಲ್ಲಲಿಲ್ಲ.

ಯಾಕೆಂದು ನನಗೆ ಗೊತ್ತಿತ್ತು. ಬೇರೆಯವರ ಗಡಿಗೆ ಖಾಲಿ ಇದ್ದರೆ ಮನೆಯಲ್ಲಿ ಕಾಳಿಲ್ಲ ಎಂದಷ್ಟೇ ಅರ್ಥ, ಅವರವರ ಗಂಡಂದಿರು ಕಣ್ಣೆದುರಿಗೇ ಓಡಾಡುತ್ತಿರುತ್ತಾರಲ್ಲ. ಇವಳ ಗಡಿಗೆ ಖಾಲಿಯಾದರೆ ಪೇಟೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಬಸರಾದಿಂದ ಸಾವಿನ ಸುದ್ದಿ ಬಂತಂತೆ, ಪಾಪ, ಹೇಳಿಕೊಳ್ಳಲಿಲ್ಲ ಎನ್ನುತ್ತಾರೆ. ಅವರು ಅಂದುಕೊಳ್ಳುವುದು ಒತ್ತಟ್ಟಿಗಿರಲಿ, ಅವಳೇ ನಂಬಿಬಿಟ್ಟಿದ್ದಳು. ತನ್ನ ಕೈಯ ಮುಷ್ಟಿ ನಡೆದಿರುವವರೆಗೆ ಗಂಡ ಇದ್ದಾನೆ, ತಾನಾಗಿ ನಿಲ್ಲಿಸಿದರೆ ತಾನೇ ಅವನನ್ನು ಕಳೆದಂತೆ. ಇದನ್ನು ನನಗೆ ಹೇಳುವಾಗ ಅವಳ ಕಣ್ಣು ನನ್ನ ಬೋಳುತಲೆಯ ಮೇಲಿನ ಸೆರಗಿನ ಮೇಲಿತ್ತು. ನಾನು ಸೆರಗನ್ನು ಇನ್ನಷ್ಟು ಎಳೆದುಕೊಂಡೆ.

ನಾನು ಸುಮ್ಮನಿರುವವಳಲ್ಲ. ಒಂದು ಶನಿವಾರ ಮಾಸ್ತರಿಗೆ ಗಂಟುಬಿದ್ದೆ. ನಾಳೆ ಆ ಗಡಿಗೆಯಿಂದ ತೆಗೆಯಬೇಡಿ, ತುಂಬಿದ್ದರೂ ಅದರ ಮೇಲೆ ಸುರಿಯಿರಿ, ಕಟ್ಟಳೆಗಿಂತ ಕೂಸು ದೊಡ್ಡದು ಎಂದೆ. ಮಾಸ್ತರು ತಲೆ ಕೆರೆದುಕೊಂಡರು, ಒಪ್ಪಿದರು. ಮರುದಿನ ಅವರು ಗಡಿಗೆಯ ತುದಿಯವರೆಗೆ ಅಕ್ಕಿ ಸುರಿದು ಬೆನ್ನು ತಿರುಗಿಸಿದ್ದರೋ ಇಲ್ಲವೋ, ಉಮಾವತಿ ಹೊರಗೆ ಬಂದಳು. ಅಂಗಳದಲ್ಲಿ ನೀರು ಸೇದುತ್ತಿದ್ದವರೆಲ್ಲ ನಿಂತು ನೋಡಿದರು. ಅವಳು ಗಡಿಗೆಯನ್ನು ಎರಡೂ ಕೈಯಿಂದ ಎತ್ತಿ ಒಂದು ಕಾಳೂ ಉಳಿಸದೆ ಮಾಸ್ತರ ಚೀಲಕ್ಕೆ ಸುರಿದಳು.

"ನಮ್ಮನಿಯವರು ಅದಾರ್ರಿ, ಮಾಸ್ತರ," ಅಂದಳು. "ನಮ್ಮ ಗಡಗ್ಯಾಗ ಹಾಕಬ್ಯಾಡ್ರಿ."

ಮಾಸ್ತರು ಕೈಮುಗಿದು ಹೊರಟುಹೋದರು. ಮುಂದಿನ ವಾರದಿಂದ ಅವರು ಅವಳ ಗಡಿಗೆಯನ್ನು ಮೊದಲಿನಂತೆಯೇ ಬರಿದು ಮಾಡಿಕೊಂಡು ಹೋಗತೊಡಗಿದರು. ಬೇರೆ ಏನು ಮಾಡಿಯಾರು? ತೆಗೆಯದೆ ಬಿಟ್ಟರೂ ಅವಳಿಗೆ ಅಪಶಕುನವೇ. ನಾನು ಜೋಳ ಒಯ್ದುಕೊಟ್ಟರೆ ಅದರಲ್ಲೂ ಒಂದು ಮುಷ್ಟಿ ಗೂಡಿಗೆ ಹೋಗುತ್ತದೆಂದು ತಿಳಿದಾಗ ಮೈಯೆಲ್ಲ ಉರಿಯಿತು. ಬಾಯಿಗೆ ಬಂದಂತೆ ಬೈದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು, ಒಂದು ಮುಷ್ಟಿಯಿಂದ ಏನಾಗುತ್ತದೆ ಅಕ್ಕಾ ಅಂದಳು. ಆ ಒಂದು ಮುಷ್ಟಿಯೇ ಸುಲಭಾಳ ಮಧ್ಯಾಹ್ನದ ಊಟ ಎಂದು ನಾನು ಚೀರಿದೆ. ಅವಳು ಬಾಗಿಲು ಮುಂದೆ ಮಾಡಿಕೊಂಡಳು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಆಮೇಲೆ ನಾನು ಮಗುವಿನ ಬೆನ್ನು ಹತ್ತಿದೆ. ತಾಯಿ ನದಿಗೆ ಬಟ್ಟೆ ಒಗೆಯಲು ಹೋದಾಗ ಕರೆದು ನನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಬೆಲ್ಲ ಇಟ್ಟು ಕೊಡುತ್ತಿದ್ದೆ. ಮೊದಲ ದಿನ ಅದು ಕೈ ಹಿಂದೆ ಕಟ್ಟಿಕೊಂಡು ನಿಂತಿತು.

"ನಂದು ಊಟ ಆಗ್ಯದ," ಅಂದಿತು.

ಏನು ಉಂಡೆ ಎಂದು ಕೇಳಿದೆ. ಅನ್ನ, ಸಾರು, ತುಪ್ಪ ಎಂದು ಒಂದೊಂದಾಗಿ ಹೇಳಿತು. ತಾಯಿ ಹೇಳಿಕೊಟ್ಟ ಪಾಠ. ತುಪ್ಪ ಎನ್ನುವಾಗ ಅದರ ಕಣ್ಣು ನನ್ನ ಕೈಯ ರೊಟ್ಟಿಯನ್ನು ಬಿಟ್ಟಿರಲಿಲ್ಲ. ರೊಟ್ಟಿಯನ್ನು ಕಟ್ಟೆಯ ಮೇಲಿಟ್ಟು, ಇದು ಗುಬ್ಬಿಗೆ, ನೀನು ಕಾಯುತ್ತ ಕೂಡು ಎಂದು ಒಳಗೆ ಹೋದೆ. ತಿರುಗಿ ಬಂದಾಗ ರೊಟ್ಟಿ ಇರಲಿಲ್ಲ. ಗುಬ್ಬಿ ಬಂದಿತ್ತೇನೆ ಎಂದೆ. ಹೂಂ, ಭಾಳ ಬಂದಿದ್ದವು ಅಂದಿತು, ಗದ್ದದ ಮೇಲೆ ಬೆಲ್ಲ ಹತ್ತಿತ್ತು. ಹೀಗೆ ನಡೆಸಿದೆವು, ಅದೂ ನಾನೂ. ಆದರೆ ಒಬ್ಬ ಮುದುಕಿಯ ಒಂದು ಹೊತ್ತಿನ ಅರ್ಧ ರೊಟ್ಟಿಯಲ್ಲಿ ಬೆಳೆಯುವ ಮೈ ಎಷ್ಟು ತುಂಬೀತು? ಕೈಕಾಲು ಕಡ್ಡಿಯಾಗುತ್ತಲೇ ಹೋದವು.

ನವರಾತ್ರಿಯ ಹೊತ್ತಿಗೆ ಮುಂಬಯಿ ಜ್ವರ ಬಂತು. ಇನ್‌ಫ್ಲುಯೆಂಜಾ ಎಂಬ ಹೆಸರು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ, ಮುಂಬಯಿಯಿಂದ ಬಂದದ್ದೆಂದು ಹಾಗೆ ಕರೆದೆವು. ವಾಡೆಯ ಪ್ರತಿ ಖೋಲಿಯಲ್ಲೂ ಒಬ್ಬರೋ ಇಬ್ಬರೋ ಮಲಗಿದರು. ಓಂಕಾರೇಶ್ವರದ ಸುಡುಗಾಡಿನ ಕಡೆ ಹೆಣ ಹೊತ್ತವರ ಸಾಲು ಕಡಿಯಲಿಲ್ಲ. ಮುಷ್ಟಿಯ ಅಕ್ಕಿಯೆಲ್ಲ ನನ್ನ ಒಲೆಗೇ ಬಂತು. ದೊಡ್ಡ ಪಾತ್ರೆ ಇಟ್ಟು ಗಂಜಿ ಕಾಯಿಸಿದೆ, ಮಾಸ್ತರು ಹೊತ್ತು ಹಂಚಿದರು. ಗಂಡ ಸತ್ತವಳ ಕೈಯ ಗಂಜಿ ಬೇಡ ಎಂದು ಆಗ ಯಾರೂ ಅನ್ನಲಿಲ್ಲ.

ಸುಲಭಾ ಮಲಗಿದಳೆಂದು ತಿಳಿದದ್ದೇ ಗಂಜಿಯ ಚೆಂಬು ಹಿಡಿದು ನೇರ ಒಳಗೆ ನುಗ್ಗಿದೆ. ಉಮಾವತಿ ಈ ಸಲ ತಡೆಯಲಿಲ್ಲ. ಗೋಡೆಗೆ ಒರಗಿ ಕೂತಿದ್ದಳು, ಅವಳಿಗೂ ಮೈ ಬಿಸಿಯಿತ್ತು. ನಾನು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಚಮಚದಿಂದ ಕುಡಿಸಿದೆ. ಎರಡು ಗುಟುಕು ಇಳಿದರೆ ಒಂದು ಹೊರಗೆ ಬರುತ್ತಿತ್ತು. ವೈದ್ಯರು ನಾಡಿ ನೋಡಿದರು. ಪಕ್ಕದ ಖೋಲಿಯ ದಿಗಂಬರನ ಇಬ್ಬರು ಗಂಡುಮಕ್ಕಳಿಗೂ ಇದೇ ಜ್ವರ, ಅವು ಎದ್ದು ಆಡುತ್ತಿವೆ, ಈ ಕೂಸಿನ ಮೈಯಲ್ಲಿ ಕಾದಾಡುವ ಕಸುವೇ ಇಲ್ಲ ಎಂದು ನನಗೆ ಮಾತ್ರ ಕೇಳುವಂತೆ ಹೇಳಿದರು. ಉಮಾವತಿಗೂ ಕೇಳಿಸಿತೆಂದು ಅವಳ ಮುಖ ನೋಡಿ ತಿಳಿಯಿತು. ಶುಕ್ರವಾರ ಬೆಳಿಗ್ಗೆ ಮಗು ನನ್ನ ತೊಡೆಯ ಮೇಲೆಯೇ ಹೋಯಿತು. ದೇವರೆಂಬವನಿಗೆ ಅಂದು ನಾನು ಹಾಕಿದ ಶಾಪ ಹೇಳುವಂಥದ್ದಲ್ಲ.

ಮಾಸ್ತರೂ ದಿಗಂಬರನೂ ಸೇರಿ ಮಣ್ಣು ಮಾಡಿ ಬಂದರು. ಹೆಣ್ಣುಕೂಸು, ಸಣ್ಣದು, ಮೂರು ದಿನದ ಸೂತಕವಷ್ಟೇ ಎಂದು ಭಟ್ಟರು ಹೇಳಿದರು. ಸೂತಕದ ಮನೆಯಲ್ಲಿ ಮುಷ್ಟಿ ತೆಗೆಯುವಂತಿಲ್ಲ. ಅದಕ್ಕೂ ಮೊದಲಿನ ಅಕ್ಕಿ ಆಗಲೇ ಗಂಜಿಗೆ ಹೋಗಿತ್ತು, ಗಡಿಗೆ ಖಾಲಿ ಉಳಿಯಿತು. ಭಾನುವಾರ ಮಾಸ್ತರು ಬಂದರು, ಖಾಲಿ ಗಡಿಗೆ ಕಂಡರು, ಎಲ್ಲರ ಮನೆಯಲ್ಲಿ ಮಾಡುವಂತೆ ಚೀಲದಿಂದ ಅಕ್ಕಿ ಸುರಿದರು. ತುಂಬಿದ್ದನ್ನೂ ನೋಡದೆ ಸುರಿದದ್ದರಿಂದ ಸ್ವಲ್ಪ ಕೆಳಗೂ ಚೆಲ್ಲಿತು.

ನಾನು ನನ್ನ ಬಾಗಿಲಲ್ಲಿ ಕೂತು ನೋಡುತ್ತಿದ್ದೆ. ಈಗ ಬಂದು ಗಡಿಗೆ ಎತ್ತಿ ಸುರಿದುಬಿಡುತ್ತಾಳೆ ಅಂದುಕೊಂಡೆ. ಉಮಾವತಿ ಬಂದಳು. ಚೆಲ್ಲಿದ ಕಾಳುಗಳನ್ನು ಒಂದೊಂದಾಗಿ ಆರಿಸಿದಳು, ಗಡಿಗೆಯನ್ನು ಸೊಂಟಕ್ಕೆ ಇಟ್ಟುಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹೊಗೆ ಎದ್ದಿತು. ನನಗೆ ತಡೆಯಲಾಗಲಿಲ್ಲ, ಎದ್ದು ಹೋದೆ. ಎರಡು ದಿನ ನಾವು ಒಯ್ದಿಟ್ಟ ಅನ್ನವನ್ನು ಮುಟ್ಟದವಳು ಈಗ ಒಲೆಯ ಮುಂದೆ ಕೂತು ಬಿಸಿ ಅನ್ನಕ್ಕೆ ಬರೀ ಉಪ್ಪು ಹಚ್ಚಿಕೊಂಡು ಉಣ್ಣುತ್ತಿದ್ದಳು. ಬೆರಳು ಸುಡುತ್ತಿದ್ದರೂ ಬಿಡಲಿಲ್ಲ. ಹಸಿದವರು ಉಣ್ಣುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಅಂಥದನ್ನು ನೋಡಿರಲಿಲ್ಲ. ನನ್ನನ್ನು ಕಂಡು ತುತ್ತು ನುಂಗಿದಳು.

"ಸೂತಕದಾಗ ಗಡಗಿ ಖಾಲಿ ಇದ್ದರ ಯಾರೂ ನಮ್ಮನಿಯವರ ಹೆಸರು ಎತ್ತೂದಿಲ್ಲ, ಅಕ್ಕಾ. ಸುಲಭಾ ಹೋದ್ಲಂತ ಖಾಲಿ ಅದ ಅಂತಾರ," ಅಂದಳು. "ಈಗ ನಾ ತಗೋಬಹುದು."

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತೆ. ಅವಳು ಅಳಲಿಲ್ಲ. ಪಾತ್ರೆ ಬಳಿದು ಉಂಡಳು. ಮಗಳು ಸತ್ತು ತಾಯಿಗೆ ಒಂದು ಗಡಿಗೆ ಅಕ್ಕಿ ದೊರಕಿಸಿಕೊಟ್ಟಿದ್ದಳು. ಸೂತಕ ಕಳೆದ ಮರುದಿನ ತಲೆಗೆ ನೀರು ಹಾಕಿಕೊಂಡು, ಹಣೆಗೆ ಕುಂಕುಮ ಇಟ್ಟುಕೊಂಡು, ಉಳಿದಿದ್ದ ಅಕ್ಕಿಯಲ್ಲೇ ಒಂದು ಮುಷ್ಟಿ ತೆಗೆದು ಗೂಡಿನ ಗಡಿಗೆಗೆ ಹಾಕಿದಳು. ಹೊಡೆಯಬೇಕೆನ್ನಿಸಿತು. ಹೊಡೆಯಲು ಆ ಮೈಯಲ್ಲಿ ಏನಿತ್ತು?

ಚಳಿಗಾಲದಲ್ಲಿ ಯುದ್ಧ ಮುಗಿಯಿತೆಂದು ಪೇಟೆಯಲ್ಲಿ ಸಕ್ಕರೆ ಹಂಚಿದರು. ಸಂಕ್ರಾಂತಿಗೆ ಮೊದಲು ಮಾರ್ತಾಂಡರಾಯರು ಬಂದರು. ಹೌದು, ಬಂದರು. ಬಸರಾದ ಆಸ್ಪತ್ರೆಯಲ್ಲಿ ವಿಷಮಜ್ವರದಿಂದ ಮೈಮರೆತು ಬಿದ್ದಿದ್ದರಂತೆ, ಇವರ ಹೆಸರು ಯಾವುದೋ ಬೇರೆ ತುಕಡಿಯಲ್ಲಿ ಸೇರಿಹೋಗಿತ್ತಂತೆ. ಎಲುಬು ಮತ್ತು ಕೋಟು ಅಷ್ಟೇ ಉಳಿದಿದ್ದವು. ಹೆಗಲ ಮೇಲೆ ಒಂದು ಖರ್ಜೂರದ ಬುಟ್ಟಿ. ಅಂಗಳದಲ್ಲಿ ನಿಂತು ಮೊದಲು ಕರೆದದ್ದೇ ಮಗಳನ್ನು. ಮಾಸ್ತರು ಅವರನ್ನು ಕೈಹಿಡಿದು ಪಕ್ಕಕ್ಕೆ ಕರೆದೊಯ್ದು ಜ್ವರದ ಸುದ್ದಿ ಹೇಳಿದರು. ಜ್ವರ ಎಂದಷ್ಟೇ ಹೇಳಿದರು, ಅದು ಸುಳ್ಳೂ ಅಲ್ಲ.

ಆಗ ಶುರುವಾಯಿತು ನೋಡಿ. ಉಮಾವತಿ ಮುಷ್ಟಿ ಬಿಡಲಿಲ್ಲ, ಗಂಡ ಯಮನ ಬಾಗಿಲಿಂದ ತಿರುಗಿ ಬಂದ ಎಂದು ಪೇಟೆಪೇಟೆಗೆ ಮಾತು ಹಬ್ಬಿತು. ಕಂಡು ಕೇಳದ ಹೆಂಗಸರೆಲ್ಲ ಅವಳ ಕೈಯಿಂದ ಕುಂಕುಮ ಹಚ್ಚಿಸಿಕೊಂಡು ಹೋಗಲು ಬಂದರು. ನಾನು ಹಲ್ಲು ಕಚ್ಚಿ ಕೂತೆ. ಈ ಹೆಂಗಸರಲ್ಲಿ ಒಬ್ಬಳೂ ಮಗುವಿನ ಹೆಸರು ಎತ್ತಲಿಲ್ಲ. ಉಮಾವತಿ ಬಂದವರಿಗೆಲ್ಲ ಮಣೆ ಹಾಕಿದಳು, ಎಳ್ಳು ಬೆಲ್ಲ ಕೊಟ್ಟಳು. ಏನು ಕೇಳಿದರೂ ಹೂಂ ಎನ್ನುತ್ತಿದ್ದಳು.

ರಥಸಪ್ತಮಿಯ ಸಂಜೆ ಅವಳ ಖೋಲಿಯಲ್ಲಿ ಅರಿಷಿಣ ಕುಂಕುಮ. ಬಂದ ಮುತ್ತೈದೆಯರು ಒಳಗೆ ಹಿಡಿಸದೆ ಪಡಸಾಲೆಯವರೆಗೆ ಕೂತಿದ್ದರು. ನನಗೆ ಅಲ್ಲಿ ಜಾಗವಿಲ್ಲ, ನನ್ನ ಬಾಗಿಲಲ್ಲಿ ಕೂತಿದ್ದೆ. ವಾಡೆಯ ಮುಂಭಾಗದ ಗಂಗೂಬಾಯಿ ಹೊಸ ಸೊಸೆಯನ್ನು ಕರೆತಂದಳು, ಜೊತೆಗೆ ಹೊಸ ಗಡಿಗೆ. ಮೊದಲ ಮುಷ್ಟಿ ಉಮಾವತಿಯ ಕೈಯಿಂದಲೇ ಬೀಳಬೇಕು, ನಮ್ಮ ಹುಡುಗಿಯ ಮುತ್ತೈದೆತನ ಗಟ್ಟಿಯಾಗಲಿ ಎಂದಳು. ತಟ್ಟೆಯಿಂದ ಅಕ್ಕಿ ತೆಗೆದು ಅವಳ ಅಂಗೈಯಲ್ಲಿ ಇಟ್ಟು ತಾನೇ ಬೆರಳು ಮಡಚಿದಳು. ಉಮಾವತಿ ಆ ಮುಷ್ಟಿಯನ್ನೇ ನೋಡುತ್ತ ನಿಂತಳು. ಹಾಕವ್ವಾ, ಹಾಕು ಎಂದು ಸುತ್ತಲಿನವರು ಅವಸರಪಡಿಸಿದರು.

"ಈ ಕೈ ಬ್ಯಾಡ್ರಿ, ಗಂಗೂಬಾಯಿ," ಅಂದಳು. "ದಿನಾ ನನ್ನ ಕೂಸಿನ ತುತ್ತು ತಗದು ಗಡಗ್ಯಾಗ ಹಾಕಿದ ಕೈ ಇದು. ಹಸದು ಸತ್ತದ ಅದು."

ಗಂಗೂಬಾಯಿ ಏನೋ ಸಮಾಧಾನ ಹೇಳಹೋದಳು, ಗಂಡ ಬಂದನಲ್ಲ ತಾಯಿ, ಆ ಪುಣ್ಯ ಸಣ್ಣದೇ ಎಂದಳು. ಉಮಾವತಿಯ ಕೈ ಮುಷ್ಟಿಯಾಗಿಯೇ ಇತ್ತು, ಹಾಕಲೂ ಇಲ್ಲ ಬಿಡಲೂ ಇಲ್ಲ. ನಾನು ಎದ್ದೆ. ಅಂಗಳ ದಾಟಿ ಆ ರೇಷ್ಮೆಸೀರೆಗಳ ನಡುವೆ ನಡೆದೆ. ನನ್ನ ನೆರಳು ತಾಗದಂತೆ ಸೆರಗು ಎಳೆದುಕೊಂಡವರೆಷ್ಟೋ, ಶುಭದ ದಿನ ಇದೇನು ಎಂದವರೆಷ್ಟೋ. ಅವಳ ಕೈಯನ್ನು ನನ್ನ ಕೈಯಲ್ಲಿ ಹಿಡಿದು ಬೆರಳು ಬಿಡಿಸಿದೆ. ಅಕ್ಕಿ ನೆಲಕ್ಕೆ ಬಿತ್ತು. ಗಂಗೂಬಾಯಿ ಸೊಸೆಯನ್ನು ಎಳೆದುಕೊಂಡು ಹೊರಟುಹೋದಳು, ಉಳಿದವರೂ ಒಬ್ಬೊಬ್ಬರಾಗಿ ಎದ್ದರು.

ಖೋಲಿ ಬರಿದಾದ ಮೇಲೆ ಅವಳು ಅತ್ತಳು. ಮಗಳು ಹೋದಂದಿನಿಂದ ಅದೇ ಮೊದಲು. ನನ್ನ ಹೆಗಲಿಗೆ ಮುಖ ಒತ್ತಿ ಸುಲಭಾ, ಸುಲಭಾ ಎಂದು ಕರೆದು ಕರೆದು ಅತ್ತಳು. ನಾನೂ ಅತ್ತೆ. ಸ್ವಲ್ಪ ತಡೆದು ನನ್ನ ಕಿವಿಯ ಹತ್ತಿರ ಮಾತಾಡಿದಳು.

"ಅವರು ಬಂದಾರ. ಆದರ ನನಗ ಸಂತೋಷ ಆಗವಲ್ದು, ಅಕ್ಕಾ. ಏನು ಮಾಡ್ಲಿ?"

ಮಾರ್ತಾಂಡರಾಯರು ಒಳಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನಿಧಾನ ಬಂದು ನೆಲದ ಮೇಲೆ ಕೂತು, ಚೆಲ್ಲಿದ ಅಕ್ಕಿಯನ್ನು ಆರಿಸತೊಡಗಿದರು.